ನೇರಪ್ರಸಾರದ ಅರ್ಧ ನಿಮಿಷ

ಟಿ. ದಾಸರಹಳ್ಳಿಯಲ್ಲಿ ತೀರಿಹೋದ ಒಬ್ಬ ಹೆಂಗಸಿನ ಮುಖವನ್ನು ನಾನು ಕೊಡಿಗೇಹಳ್ಳಿಯ ಒಂದು ಕೋಣೆಯಲ್ಲಿ ಕೂತು ನೋಡಿದೆ. ಬದುಕಿದ್ದಾಗ ಆಕೆಯನ್ನು ನಾನು ಕಂಡವಳಲ್ಲ. ಆ ಮುಖವನ್ನು ನೋಡಬೇಕಾಗಿದ್ದವಳು ಆಕೆಯ ಒಬ್ಬಳೇ ಮಗಳು. ದಿನ ತುಂಬಿದ ಬಸುರಿ. ಹೊರದೇಶದ್ದಲ್ಲ, ಇಲ್ಲೇ ಯಲಹಂಕದ ಕಡೆಯ ಸಿಂಗಾಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಬೈಕಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಮುಟ್ಟುವ ದಾರಿ. ಆದರೆ ಬಸುರಿಯಾದವಳು ಸಾವಿನ ಮನೆಗೆ ಹೋಗುವಂತಿಲ್ಲ ಎಂದು ಎರಡೂ ಕಡೆಯ ಹಿರಿಯರು ಹೇಳಿದ್ದರು. ಅವಳಿಗೆ ಉಳಿದಿದ್ದು ನಮ್ಮ ವೆಬ್‌ಸೈಟ್ ಒಂದೇ.

ಆ ದಿನ ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದು ಕೂತಿದ್ದೇನೆ. ಆ ವೆಬ್‌ಸೈಟ್ ಎಲ್ಲಿಂದ ಬಂತು, ನಾನು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದೆ ಎಂಬುದನ್ನು ಮೊದಲು ಹೇಳದಿದ್ದರೆ, ನಾನು ಒತ್ತಿದ ಗುಂಡಿ ಯಾವುದು ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಅದನ್ನು ಶುರುಮಾಡಿದವರು ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆಯವರು. ಊರೆಲ್ಲ ಅವರನ್ನು ಕೇಬಲ್ ಅಣ್ಣ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಅಪ್ಪ ರಾಗಿ ಬೆಳೆದ ಹೊಲ ಸೈಟುಗಳಾಗಿ, ಸೈಟುಗಳ ಮೇಲೆ ಮನೆಗಳು ಎದ್ದಾಗ ಆ ಮನೆಗಳಿಗೆಲ್ಲ ಕೇಬಲ್ ಎಳೆದವರು ಇವರು. ಬೇರೆ ಚಾನೆಲ್‌ಗಳ ಜೊತೆಗೆ ತಮ್ಮದೇ ಒಂದು ಚಾನೆಲ್ಲನ್ನೂ ಬಿಡುತ್ತಿದ್ದರು. ಮಧ್ಯಾಹ್ನ ಅದರಲ್ಲಿ ಹಳೆಯ ಸಿನಿಮಾ. ಸಂಜೆ ಊರಿನ ಸಮಾಚಾರ. ನಾಳೆ ನೀರು ಬಿಡುತ್ತಾರೋ ಇಲ್ಲವೋ, ಯಾರ ಮನೆಯ ಎಮ್ಮೆ ರೈಲ್ವೆ ಗೇಟಿನ ಹತ್ತಿರ ಸಿಕ್ಕಿದೆ, ಯಾರ ಮನೆಯ ಮಗು ಶಾಲೆಯಲ್ಲಿ ಕುಣಿಯಿತು ಎಂಬುದೆಲ್ಲ ಬರುತ್ತಿತ್ತು. ಮನೆಮನೆಗೂ ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ಆ ಚಾನೆಲ್ಲಿಗೆ ಜಾಗ ಇಲ್ಲದಾಯಿತು. “ಪೆಟ್ಟಿಗೆ ಬಂತು, ನಾವು ಓದ್ವಿ” ಎಂದು ಅವರು ಹೇಳುತ್ತಿದ್ದರು. ಹೋದೆವು ಎಂದು ಅದರ ಅರ್ಥ; ಅವರ ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು.

ಅವರ ಕಟ್ಟಡದ ಮೇಲಿನ ಮನೆಗೆ ಕಂಪ್ಯೂಟರ್ ಕೆಲಸದವರೊಬ್ಬರು ಬಾಡಿಗೆಗೆ ಬಂದರು. ಒಂದು ದಿನ ಮೆಟ್ಟಿಲ ಮೇಲೆ ನಿಂತು ಇಬ್ಬರೂ ಮಾತಾಡಿದ್ದನ್ನು ಕೇಬಲ್ ಅಣ್ಣ ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ಎರಡೂ ದನಿ ಮಾಡಿ ತೋರಿಸುತ್ತಿದ್ದರು.

“ಕೇಬಲ್ ಹೋದ್ರೆ ಹೋಗ್ಲಿ ಬಿಡಣ್ಣ. ನಾನೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ, ಅದ್ರಲ್ಲಿ ಲೈವ್ ಬಿಡಿ.”

“ಯಾರಪ್ಪ ನೋಡ್ತಾರೆ ಅದ್ನ?”

“ನಿಮ್ಮ ವೈರು ಹೆಬ್ಬಾಳದ ತನಕ ಹೋಗ್ತಿತ್ತು. ಇದು ಅದರಾಚೆಗೂ ಹೋಗುತ್ತೆ.”

“ಎಬ್ಬಾಳದಾಚೆ ನನ್ನ ಯಾರ್ ಕೇಳ್ತಾರೆ ಗುರು. ಎಬ್ಬಾಳ ದಾಟಕ್ಕೇ ಒಂದ್ ಗಂಟೆ ಬೇಕು.”

ಮೊದಲ ಲೈವ್ ಪಕ್ಕದ ಲೇಔಟಿನ ಒಂದು ಗೃಹಪ್ರವೇಶ. ನುಣುಪು ಟೈಲ್ಸ್ ಮೇಲೆ ಹಸು ಕಾಲಿಡಲು ಒಪ್ಪಲಿಲ್ಲ. ಹೊಸ್ತಿಲಲ್ಲಿ ನಿಂತೇಬಿಟ್ಟಿತು. ಕ್ಯಾಮೆರಾದ ವೈರು ಅದೇ ಬಾಗಿಲಲ್ಲಿ ಹಾದಿದ್ದರಿಂದ ಕ್ಯಾಮೆರಾದವನು ಅತ್ತಲೂ ಹೋಗಲಾರ, ಇತ್ತಲೂ ಬರಲಾರ. ನೋಡುತ್ತಿದ್ದ ನೆಂಟರಿಗೆಲ್ಲ ಬಹಳ ಹೊತ್ತು ಕಂಡದ್ದು ಹಸುವಿನ ಬೆನ್ನು ಮತ್ತು ಬಾಲ. ಕೊನೆಗೆ ಯಾರೋ ಗೋಣಿಚೀಲ ಹಾಸಿದ ಮೇಲೆ ಅದು ಒಳಗೆ ಹೋಯಿತು. ಮೈಸೂರಿನಿಂದ ಒಬ್ಬರು ಫೋನ್ ಮಾಡಿ, “ಈಗ ಉಸಿರು ಬಂತು ನೋಡಿ” ಅಂದರಂತೆ. ಆ ವಾರವೇ ಬೇರೆ ಮನೆಯವರು ನಮ್ಮದನ್ನೂ ಲೈವ್ ಹಾಕಿ ಎಂದು ಕೇಳಿಕೊಂಡು ಬಂದರು.

ಗೃಹಪ್ರವೇಶದಿಂದ ಮದುವೆಗೆ ಬಂತು. ಸೀಮಂತ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಆರ್.ಟಿ. ನಗರದ ಕಡೆಯ ಭರತನಾಟ್ಯದ ಮೇಷ್ಟ್ರುಗಳ ಶಿಷ್ಯೆಯರ ರಂಗಪ್ರವೇಶ. ಲಗ್ನಪತ್ರಿಕೆಯ ಕೊನೆಯ ಸಾಲಿನಲ್ಲಿ ಲಿಂಕ್ ಅಚ್ಚುಹಾಕಿಸುವುದು ರೂಢಿಯಾಯಿತು. ನಾನು ಅವರ ಕಣ್ಣಿಗೆ ಬಿದ್ದದ್ದು ಅದರಿಂದಲೇ. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡಿ, ಪ್ರೂಫ್ ನೋಡುವುದು ನನ್ನ ಕೆಲಸ. ಜನ ಪತ್ರಿಕೆಯನ್ನು ಫೋನಿನಲ್ಲೇ ಕಳಿಸಲು ಶುರುಮಾಡಿದ್ದರು. ಪ್ರೆಸ್ಸಿನಲ್ಲಿ ಕೆಲಸ ಕಡಿಮೆಯಾಗುತ್ತಿತ್ತು. ಲಿಂಕಿನ ಪ್ರೂಫ್ ನೋಡಲು ಬಂದ ಕೇಬಲ್ ಅಣ್ಣ ಒಂದು ಸಲ ನನ್ನ ಮೇಜಿನ ಹತ್ತಿರ ನಿಂತರು.

“ತಪ್ಪು ಇಡಿಯೋದ್ರಲ್ಲಿ ನೀವು ಗಟ್ಟಿ ಅಂತಾರೆ. ಇಲ್ಲಿ ತಪ್ಪು ಅಲ್ಲಾಡ್ದೆ ಕೂತಿರ್ತದೆ. ನಮ್ ತಾವ ಓಡ್ತಾ ಇರ್ತದೆ. ಇಡೀತೀರಾ?”

ಅವರಿಗೆ ಹಾಗೊಬ್ಬರು ಬೇಕಾಗಿದ್ದಕ್ಕೆ ಒಂದು ಕಾರಣ ಇತ್ತು. ಅದಕ್ಕೆ ಸ್ವಲ್ಪ ಮೊದಲು ಒಂದು ಮದುವೆಯಲ್ಲಿ, ಮಂತ್ರ ಚೆನ್ನಾಗಿ ಕೇಳಲೆಂದು ಪುರೋಹಿತರ ಶಲ್ಯಕ್ಕೆ ಸಣ್ಣ ಮೈಕ್ ಸಿಕ್ಕಿಸಿದ್ದರು. ವರ ಬಟ್ಟೆ ಬದಲಾಯಿಸಲು ಎದ್ದುಹೋದಾಗ ಪುರೋಹಿತರಿಗೆ ಫೋನ್ ಬಂತು. ಅದೇ ಬೆಳಿಗ್ಗೆ ಅವರು ಒಪ್ಪಿಕೊಂಡಿದ್ದ ಇನ್ನೊಂದು ಮನೆಯವರದು. ಮಂಟಪದಲ್ಲಿ ಚಕ್ಕಂಬಕ್ಕಲ ಹಾಕಿ ಕೂತಿದ್ದ ಪುರೋಹಿತರು, “ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕ್ಕೊಂಡಿದೀನಿ ಕಣ್ರೀ, ಒಂದು ಇಂಚೂ ಅಲ್ಲಾಡ್ತಿಲ್ಲ, ಇನ್ನೇನು ಬಂದೆ” ಅಂದರು. ಆ ಇನ್ನೊಂದು ಮನೆಯವರು ಈ ಮದುವೆಯವರಿಗೂ ನೆಂಟರು. ಕಾಯುತ್ತ ಕೂತವರು ಬೇಜಾರಿಗೆ ಇದೇ ಲೈವ್ ನೋಡುತ್ತಿದ್ದರು. ಆಮೇಲೆ ಆದ ಜಗಳವೂ ಅದೇ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಆ ದಿನದಿಂದ ಮೇಲಿನ ಮನೆಯವರು ಲೈವಿಗೆ ಒಂದು ತಡ ಇಟ್ಟರು. ಕ್ಯಾಮೆರಾ ಕಂಡದ್ದು ಕೊಡಿಗೇಹಳ್ಳಿಯ ಕೋಣೆಗೆ ಕೂಡಲೇ ಬರುತ್ತದೆ; ಅಲ್ಲಿಂದ ವೆಬ್‌ಸೈಟಿಗೆ ಹೋಗುವುದು ಅರ್ಧ ನಿಮಿಷ ಬಿಟ್ಟು. ಆ ಅರ್ಧ ನಿಮಿಷ ನನ್ನದು. ಬೇಡದ್ದೇನಾದರೂ ಕಂಡರೆ ಒಂದು ಗುಂಡಿ ಒತ್ತಬೇಕು. ಒತ್ತಿದರೆ ಆ ಚಿತ್ರ ಹೋಗಿ ಎರಡನೆಯ ಕ್ಯಾಮೆರಾದ ಚಿತ್ರ ಬರುತ್ತದೆ. ಅದನ್ನು ಯಾವಾಗಲೂ ಸ್ಟ್ಯಾಂಡಿನ ಮೇಲೆ ದೂರದಲ್ಲಿ ನಿಲ್ಲಿಸಿರುತ್ತಾರೆ. ಕಂಪ್ಯೂಟರಿನಲ್ಲಿ ಉಳಿಯುವುದೂ ಹೊರಗೆ ಹೋದ ಚಿತ್ರ ಮಾತ್ರ. ನಾನು ತೆಗೆದದ್ದು ಎಲ್ಲಿಯೂ ಇರುವುದಿಲ್ಲ. ಜಾರಿದ ಸೆರಗು, ಊಟದ ಸಾಲಿನಲ್ಲಿ ಒಬ್ಬರಿಗೊಬ್ಬರು ಎಲೆ ಎಳೆದಾಡಿದ್ದು, ಧಾರೆಯ ಹೊತ್ತಿನಲ್ಲಿ ಆಕಳಿಸಿದ ಸೋದರಮಾವ: ಹೀಗೆ ಎಷ್ಟೋ ಸಂಗತಿಗಳನ್ನು ನೋಡಿದವಳು ನಾನೊಬ್ಬಳೇ. ಅದರ ಬಗ್ಗೆ ಆಗ ನಾನು ಏನೂ ಯೋಚಿಸುತ್ತಿರಲಿಲ್ಲ. ಪ್ರೂಫಿನಲ್ಲಿ ಹೊಡೆದುಹಾಕಿದ ಅಕ್ಷರವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆಮೇಲೆ ಕಾಯಿಲೆಯ ಕಾಲ ಬಂತು. ಮದುವೆಗೆ ಇಷ್ಟೇ ಜನ ಎಂದು ಗೊತ್ತುಮಾಡಿದಾಗ ಉಳಿದವರೆಲ್ಲ ನಮ್ಮ ವೆಬ್‌ಸೈಟಿಗೆ ಬಂದರು. ಒಂದು ಭಾನುವಾರ ಎಷ್ಟು ಜನ ಬಂದರೆಂದರೆ ಅದು ಪೂರ್ತಿ ನಿಂತುಹೋಯಿತು. ಎಲ್ಲ ಮದುವೆಗಳೂ ಒಂದೇ ಸಲ ಕಪ್ಪಾದವು. ಮೇಲಿನ ಮನೆಯವರು ತಮ್ಮ ಆಫೀಸಿನ ಕೆಲಸ ಬಿಟ್ಟು ಇದಕ್ಕೇ ಕೂತರು. ಆ ತಿಂಗಳುಗಳಲ್ಲೇ ಇನ್ನೊಂದು ಬಗೆಯ ಫೋನ್ ಬರಲು ಶುರುವಾಯಿತು. ಅಂತ್ಯಕ್ರಿಯೆ ತೋರಿಸುತ್ತೀರಾ ಎಂದು ಕೇಳುತ್ತಿದ್ದರು.

ಕೇಬಲ್ ಅಣ್ಣ ಬಹಳ ದಿನ ಒಪ್ಪಲಿಲ್ಲ. ಮದುವೆಗೆ ಹೋಗುವ ಕ್ಯಾಮೆರಾ ಮಸಣಕ್ಕೆ ಹೋದರೆ ಮತ್ತೆ ಯಾರು ಮದುವೆಗೆ ಕರೆಯುತ್ತಾರೆ ಎಂಬುದು ಅವರ ಮಾತು. ಒಪ್ಪಿದ ಮೇಲೆ ಅದಕ್ಕೇ ಬೇರೆ ಕ್ಯಾಮೆರಾ, ಬೇರೆ ವೈರು ಇಟ್ಟರು. ಅವನ್ನು ಮನೆಯೊಳಗೆ ತರದೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡಿಸಿದರು. ವೆಬ್‌ಸೈಟಿನಲ್ಲಿ ಬೇರೆ ಪುಟ. ಅದಕ್ಕೆ ನಾದಸ್ವರ ಇಲ್ಲ, ಬಾಳೆಕಂದಿನ ಚೌಕಟ್ಟು ಇಲ್ಲ. ಕಾಯಿಲೆಯ ಕಾಲ ಮುಗಿದು ಛತ್ರಗಳು ಮತ್ತೆ ತುಂಬಿದರೂ ಆ ಪುಟಕ್ಕೆ ಬರುವವರು ಕಡಿಮೆಯಾಗಲಿಲ್ಲ. ಹೊರದೇಶದಲ್ಲಿರುವವರಿಗೆಂದು ಶುರುವಾದದ್ದನ್ನು ಯಲಹಂಕದಲ್ಲಿ ಕೂತು ಜಾಲಹಳ್ಳಿಯ ಸಾವನ್ನು ನೋಡುವವರೂ ಬಳಸತೊಡಗಿದರು. ಯಾಕೆಂದು ನಾವು ಕೇಳುತ್ತಿರಲಿಲ್ಲ.

ದಾಸರಹಳ್ಳಿಯ ಆ ಮನೆಯಿಂದ ಬೆಳಿಗ್ಗೆ ಫೋನ್ ಮಾಡಿದವರು ತೀರಿಕೊಂಡಾಕೆಯ ಅಕ್ಕ, ಎಂದರೆ ಆ ಬಸುರಿಯ ದೊಡ್ಡಮ್ಮ. ಕೇಬಲ್ ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮೇಜಿನ ಮೇಲಿಟ್ಟರು.

“ಹುಡುಗಿ ಊಟ ಬಿಟ್ಟು ಕೂತವ್ಳೆ ಕಣಪ್ಪ. ನೋಡ್ಲೇಬೇಕು ಅಂತಾಳೆ. ಟಿವೀಲಿ ನೋಡಿದ್ರೆ ದೋಷ ಇಲ್ಲ ಅಂತ ಅಯ್ನೋರು ಅಂದ್ರು. ಆದ್ರೆ ಮುಖ ಮಾತ್ರ ತೋರಿಸ್ಬ್ಯಾಡ.”

“ಮುಖ ಬ್ಯಾಡ್ವಾ?”

“ಜನ, ಹೂವು, ಚಪ್ಪರ, ಅದೆಲ್ಲ ತೋರ್ಸು. ಮುಖ ಬ್ಯಾಡ. ಈಗ್ಲೋ ಆಗ್ಲೋ ಅನ್ನೋ ಹಂಗವ್ಳೆ. ಮಗೀಗೆ ಏನಾದ್ರೂ ಆದ್ರೆ ಅವಳ ಗಂಡನ ಮನೆಯೋರಿಗೆ ನಾನೇನ್ ಹೇಳ್ಲಿ? ಮಾತು ಕೊಡು.”

“ಕೊಟ್ಟೆ ಕಣಮ್ಮ” ಎಂದರು ಕೇಬಲ್ ಅಣ್ಣ. ಹೇಳಿ ನನ್ನ ಕಡೆ ನೋಡಿದರು.

ಲೈವ್ ಶುರುವಾದ ಸ್ವಲ್ಪ ಹೊತ್ತಿಗೆ ಪುಟದ ಕೆಳಗಿದ್ದ ನಂಬರಿಗೆ ಮಗಳ ಫೋನ್ ಬಂತು. ಆ ಫೋನ್ ಎತ್ತುವವಳು ನಾನೇ.

“ಅಕ್ಕಾ, ಬರೀ ಶಾಮಿಯಾನ ಕಾಣ್ತಿದೆ.”

“ಒಳಗಿನ ಕ್ಯಾಮೆರಾ ಈಗ ಬರುತ್ತಮ್ಮ.”

“ಮುಖ ತೋರಿಸ್ತಾರಾ?”

“ನೋಡ್ತಾ ಇರಮ್ಮ” ಅಂದೆ.

“ಗೊತ್ತು. ದೊಡ್ಡಮ್ಮ ಬೇಡ ಅಂದಿದ್ದಾರೆ. ನಾನೂ ಹೂಂ ಅಂದಿದ್ದೀನಿ. ಹೂಂ ಅಂದಿದ್ದಕ್ಕೇ ಲಿಂಕ್ ಕೊಟ್ಟಿದ್ದು. ಆದ್ರೂ ಅಕ್ಕಾ, ಅಪ್ಪಿತಪ್ಪಿ ಬಂದ್ರೆ…” ಅಷ್ಟರಲ್ಲಿ ಅವಳ ಅತ್ತೆಯೋ ಯಾರೋ ಹತ್ತಿರ ಬಂದರೆಂದು ಕಾಣುತ್ತದೆ. “ಹಾಂ, ಈಗ ಸರಿಯಾಗಿ ಬರ್ತಿದೆ” ಎಂದು ಇಟ್ಟಳು.

ಒಳಗಿನ ಕ್ಯಾಮೆರಾದವನು ನಮ್ಮಲ್ಲಿ ಮೊದಲಿನಿಂದ ಇದ್ದವನು. ಅವನಿಗೆ ಹೇಳಿದ್ದರು, ಅವನೂ ಮೊದಮೊದಲು ಸರಿಯಾಗೇ ಇದ್ದ. ದೇಹವನ್ನು ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಒಳಗೆ ಏನೂ ಕಾಣುತ್ತಿರಲಿಲ್ಲ. ಹಾರಗಳು, ಊದಿನಕಡ್ಡಿ, ಗೋಡೆಗೆ ಒರಗಿ ಕೂತ ಹೆಂಗಸರು. ಆಮೇಲೆ ಪೆಟ್ಟಿಗೆ ತೆಗೆದು, ದೇಹವನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದರು. ಆ ಹೊತ್ತಿಗೆ ಅವನು ಬಾಗಿಲ ಕಡೆ ತಿರುಗಿದ್ದ. ಮೈಗೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟಾಯಿತು. ಆಗ ಯಾರೋ ಒಬ್ಬರು, “ಮುಖ ನೋಡೋರು ನೋಡ್ಕೊಳ್ರಪ್ಪ, ಎತ್ತಬೇಕು” ಎಂದು ಕೂಗಿದರು. ಜನ ಎಲ್ಲ ಕಡೆಯಿಂದ ಮುಂದೆ ಬಂದರು.

ಕ್ಯಾಮೆರಾ ತಿರುಗಿತು. ತಲೆಗಳ ಮೇಲೆ ಎದ್ದಿತು. ಜನರ ನಡುವಿನ ಒಂದು ಸಂದಿಯಲ್ಲಿ ಇಳಿದು ಹತ್ತಿರ ಹೋಯಿತು, ಇನ್ನೂ ಹತ್ತಿರ ಹೋಯಿತು, ಮುಖ ಪರದೆಯ ತುಂಬ ಬಂದು ನಿಂತಿತು. ಎಷ್ಟೋ ವರ್ಷಗಳಿಂದ ತಾಳಿ ಕಟ್ಟುವ ಹೊತ್ತಿನಲ್ಲಿ ಜನ ಎದ್ದು ಮುಂದೆ ನುಗ್ಗಿದ ಕೂಡಲೇ ಅವನು ಮಾಡುತ್ತಿದ್ದದ್ದು ಅದನ್ನೇ. ಆಮೇಲೆ ಫೋನಿನಲ್ಲಿ ಅಳು ಬಂದವನ ಹಾಗೆ ಹೇಳಿದ: “ಕೈ ತಾನಾಗೇ ಹೋಯ್ತಣ್ಣ. ಎಲ್ರೂ ಮುಂದೆ ಬಂದ್ಬಿಟ್ರು, ಕೈ ಹೋಗ್ಬಿಡ್ತು.”

ಅರ್ಧ ನಿಮಿಷ ಶುರುವಾಗಿತ್ತು. ಕೇಬಲ್ ಅಣ್ಣ ನನ್ನ ಬೆನ್ನ ಹಿಂದೆ ನಿಂತಿದ್ದರು.

“ಒತ್ತಮ್ಮ” ಅಂದರು.

ನಾನು ಒತ್ತಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಬಸುರಿ ಹೆಣ ನೋಡಿದರೆ ಮಗುವಿಗೆ ಕೇಡು ಎಂಬುದನ್ನು ನಾನು ನಂಬುವವಳಲ್ಲ. ಹಾಗಂತ ಅಂದುಕೊಂಡಿದ್ದೆ. ಆದರೆ ಆ ಹೊತ್ತಿನಲ್ಲಿ, ನಂಬುವುದಿಲ್ಲ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳಲಾಗಲಿಲ್ಲ. ಆ ಮಗು ನನ್ನದಲ್ಲ. ಮಾತು ಕೊಟ್ಟವರು ಹಿಂದೆ ನಿಂತಿದ್ದಾರೆ. ಪಕ್ಕದ ಸಣ್ಣ ಪರದೆಯಲ್ಲಿ, ಹೊರಗಿನವರಿಗೆ ಈಗ ಕಾಣುತ್ತಿದ್ದದ್ದರಲ್ಲಿ, ಕ್ಯಾಮೆರಾ ಇನ್ನೂ ಬಾಗಿಲ ಕಡೆಗೇ ಇತ್ತು. ಮಗಳು ಅದನ್ನು ನೋಡುತ್ತಿದ್ದಳು. ದೊಡ್ಡ ಪರದೆಯಲ್ಲಿ ತಾಯಿ ಇದ್ದಳು. ನಾನು ಆ ಮುಖವನ್ನು ನೋಡಿದೆ. ಮೇಲಿನಿಂದ ಕೆಳಗೆ, ಪ್ರೂಫ್ ನೋಡುವ ಹಾಗೆ ಒಂದೊಂದಾಗಿ ನೋಡಿದೆ. ಯಾಕೆ ಹಾಗೆ ನೋಡಿದೆ ಎಂದು ಕೇಳಿದರೆ, ಇದು ಇನ್ನು ಎಲ್ಲಿಯೂ ಇರುವುದಿಲ್ಲ ಎಂಬುದು ಗೊತ್ತಿತ್ತು ಎನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ.

“ಒತ್ತಿ, ಒತ್ತಿ.”

ಒತ್ತಿದೆ. ಸಣ್ಣ ಪರದೆಯಲ್ಲಿ ಕ್ಯಾಮೆರಾ ಬಾಗಿಲಿಂದ ತಿರುಗಿ, ಜನರ ತಲೆಗಳ ಮೇಲೆ ಏಳುತ್ತಿದ್ದಂತೆಯೇ ಶಾಮಿಯಾನ ಬಂತು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಕ್ಯಾನು, ಬೀದಿಯಲ್ಲಿ ಹೋಗುತ್ತಿದ್ದ ಒಂದು ಆಟೋ.

ಕೇಬಲ್ ಅಣ್ಣ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತರು. “ನಮ್ ಚಾನೆಲ್ಲಾಗೆ ಎಮ್ಮೆ ತೋರಿಸ್ತಿದ್ದಾಗ್ಲೇ ಚೆಂದಾಗಿತ್ತು” ಅಂದರು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೊರಗೆ ಹೋದರು.

ಎತ್ತಿಕೊಂಡು ಹೋದದ್ದು, ಮಣ್ಣು ಮಾಡಿದ್ದು ಎಲ್ಲ ಮುಗಿಯುವ ತನಕ ನಾನು ಕೂತೇ ಇದ್ದೆ.

ಮಧ್ಯಾಹ್ನ ಅವಳು ಫೋನ್ ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಹಿಂದೆ ಎಲ್ಲೋ ನೀರು ಸುರಿಯುವ ಸದ್ದು.

“ಅತ್ತೆ ಮೈಲಿಗೆ ಸ್ನಾನಕ್ಕೆ ಹೋಗಿದ್ದಾರೆ. ಅಕ್ಕಾ, ನಡುವೆ ಶಾಮಿಯಾನ ಯಾಕೆ ಬಂತು?”

ನೆಟ್‌ವರ್ಕ್ ಎನ್ನಬಹುದಾಗಿತ್ತು. ಮದುವೆ ಮನೆಯವರಿಗೆ ಯಾವಾಗಲೂ ಹಾಗೇ ಹೇಳುತ್ತಿದ್ದದ್ದು.

“ನಾನು ಬದಲಾಯಿಸಿದೆ” ಅಂದೆ.

“ಮುಖ ಬಂದಿತ್ತಾ?”

“ಬಂದಿತ್ತು.”

“ನೀವು ನೋಡಿದ್ರಾ?”

“ನೋಡಿದೆ.”

“ರೆಕಾರ್ಡ್ ಇದ್ಯಾ?”

“ಇಲ್ಲಮ್ಮ. ಹೊರಗೆ ಹೋಗಿದ್ದು ಮಾತ್ರ ಉಳಿಯುತ್ತೆ.”

ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ.

“ಎಲ್ರನ್ನೂ ಕೇಳ್ದೆ. ದೊಡ್ಡಮ್ಮ, ಅಪ್ಪ, ಪಕ್ಕದ ಮನೆ ಆಂಟಿ. ಎಲ್ರೂ ಒಂದೇ ಹೇಳ್ತಾರೆ, ಮಲಗಿದ ಹಾಗೇ ಇದ್ಲು ಅಂತ. ಮಾತಾಡ್ಕೊಂಡು ಹೇಳ್ದಂಗೆ. ನೀವು ಹೇಳಿ. ನೀವು ನಮ್ಮೋರಲ್ಲವಲ್ಲ, ಇದ್ದ ಹಾಗೆ ಹೇಳಿ.”

ನಾನು ಹೇಳಿದೆ. ಬೈತಲೆ ನಡುವೆ ತೆಗೆದಿದ್ದರು. ಅಲ್ಲಿ ಕೂದಲು ಬೆಳ್ಳಗಿತ್ತು, ಉಳಿದ ಕಡೆ ಕಪ್ಪು. ಹಣೆಯ ಮೇಲೆ ದೊಡ್ಡ ಕುಂಕುಮ, ಅದರ ಮೇಲೆ ಒಂದು ನಾಣ್ಯ. ನಾಣ್ಯ ಸ್ವಲ್ಪ ಜಾರಿ ಹುಬ್ಬಿನ ಹತ್ತಿರ ಬಂದಿತ್ತು. ಕೆನ್ನೆಗೆ ಅರಿಶಿನ, ಕಿವಿಯ ಹತ್ತಿರ ಅದು ತಾಗಿರಲಿಲ್ಲ. ಮೂಗುಬೊಟ್ಟು ತೆಗೆದಿದ್ದರು, ತೂತು ಮಾತ್ರ ಕಾಣುತ್ತಿತ್ತು. ಗದ್ದವನ್ನು ಬಿಳಿ ಬಟ್ಟೆಯಿಂದ ತಲೆಗೆ ಸೇರಿಸಿ ಕಟ್ಟಿದ್ದರು, ಗಂಟು ಕನಕಾಂಬರದ ಕೆಳಗೆ ಮುಚ್ಚಿಹೋಗಿತ್ತು. ತುಟಿಯ ಮೂಲೆಯಲ್ಲಿ ಒಂದು ಅಕ್ಕಿಕಾಳು ಅಂಟಿತ್ತು.

“ಕಣ್ಣು?”

ಅದನ್ನು ಬಿಟ್ಟು ಹೇಳಿದ್ದೆ. ಅವಳು ಅದನ್ನೇ ಕೇಳಿದಳು.

“ಒಂದು ಮುಚ್ಚಿತ್ತು” ಅಂದೆ. “ಇನ್ನೊಂದು ಪೂರ್ತಿ ಮುಚ್ಚಿರಲಿಲ್ಲ. ಒಂದು ಗೆರೆಯಷ್ಟು ತೆರೆದಿತ್ತು.”

“ಯಾವ ಕಣ್ಣು?”

ಪರದೆಯನ್ನು ನೆನಪಿಗೆ ತಂದುಕೊಂಡೆ. ಕ್ಯಾಮೆರಾ ಕಾಲಿನ ಕಡೆಯಿಂದ ಹೋಗಿತ್ತು. ಪರದೆಯ ಬಲಕ್ಕೆ ಇದ್ದದ್ದು. ಎಂದರೆ ಆಕೆಯ ಎಡಗಣ್ಣು. ಹಾಗೇ ಹೇಳಿದೆ.



“ನಿದ್ದೇಲೂ ಅಮ್ಮನಿಗೆ ಎಡಗಣ್ಣು ಪೂರ್ತಿ ಮುಚ್ತಿರಲಿಲ್ಲ” ಅಂದಳು. “ಚಿಕ್ಕವಳಿದ್ದಾಗ ಎದ್ದೇ ಇದ್ದಾಳೆ ಅಂದ್ಕೊಂಡು ನಾನು ಮಾತಾಡ್ತಾನೇ ಇರ್ತಿದ್ದೆ. ಬೆಳಿಗ್ಗೆ ಏನೂ ಗೊತ್ತೇ ಇರ್ತಿರಲಿಲ್ಲ ಅವಳಿಗೆ.” ಮೂಗು ಒರೆಸಿಕೊಂಡಳು. “ಸೀರೆ ಯಾವುದು?”

“ಸೆರಗಿನ ಅಂಚು ಮಾತ್ರ ಕಂಡಿತು. ಹಸಿರು.”

“ಹಸಿರಾ? ಹಸಿರು ಕಂಡ್ರೆ ಆಗ್ತಿರಲಿಲ್ಲ ಅಮ್ಮನಿಗೆ. ದೊಡ್ಡಮ್ಮನ್ದೇ ಕೆಲ್ಸ ಇದು. ಬದುಕಿದ್ದಾಗ ಉಡಿಸಕ್ಕಾಗ್ಲಿಲ್ಲ, ಈಗ ಉಡ್ಸಿದಾರೆ.” ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಎರಡಕ್ಕೂ ಹೊಂದುವ ಸದ್ದು ಅದು.

ಅವಳ ಕಡೆ ನೀರಿನ ಸದ್ದು ಕಡಿಮೆಯಾಗುತ್ತ ಬಂತು.

“ಅಕ್ಕಾ, ಅತ್ತೆ ಬರೋದ್ರೊಳಗೆ ಇನ್ನೊಂದ್ಸಲ ಹೇಳ್ತೀರಾ? ಮೊದಲಿಂದ. ಕಣ್ಣು ಬಿಡಬೇಡಿ ಈ ಸಲ.”

ಬೈತಲೆಯಿಂದ ಶುರುಮಾಡಿದೆ.